ಅಪ್ಲಿಕೇಶನ್‌ವಾರು ಡೇಟಾಸೆಟ್ ಜಾಗದ ಲೆಕ್ಕ: ಕ್ಯಾಟಲಾಗ್ ಒಂದೇ ಸಾಕಾ?

ಉದ್ಯಮಬಾಗ್_ಬ್ಯಾಚ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಮನೆಯಿಂದಲೇ ಪುಣೆಯ ಕಂಪನಿಯೊಂದಕ್ಕೆ ಮೇನ್‌ಫ್ರೇಮ್ ಬ್ಯಾಚ್ ಸಪೋರ್ಟ್ ಮಾಡುತ್ತೇನೆ. ನಮ್ಮ ಟೀಮ್‌ಗೆ ಈಗ ಹೊಸ ಕೆಲಸ ಬಂದಿದೆ. ಯಾವ ಅಪ್ಲಿಕೇಶನ್ ಎಷ್ಟು ಡಿಸ್ಕ್ ಹಿಡಿದುಕೊಂಡಿದೆ ಅನ್ನೋ ಲೆಕ್ಕವನ್ನು ಪ್ರತಿ ತಿಂಗಳು ಕೊಡಬೇಕು. ಅದನ್ನು ನೋಡಿ ಆಯಾ ವಿಭಾಗದ ಮೇಲೆ ಖರ್ಚು ಹಾಕುತ್ತಾರೆ.

ಡೇಟಾಸೆಟ್ (ಮೇನ್‌ಫ್ರೇಮ್‌ನಲ್ಲಿ ಫೈಲ್‌ಗೆ ಹೀಗೆ ಅಂತಾರೆ) ಹೆಸರಿನ ಮೊದಲ ಭಾಗ, ಅಂದರೆ ಹೈ ಲೆವೆಲ್ ಕ್ವಾಲಿಫೈಯರ್, ನಮ್ಮಲ್ಲಿ ಒಂದೊಂದು ಅಪ್ಲಿಕೇಶನ್‌ಗೂ ಬೇರೆ ಬೇರೆ ಇದೆ. ಹಾಗಾಗಿ ಯಾವ ಡೇಟಾಸೆಟ್ ಎಲ್ಲಿದೆ ಅನ್ನೋ ಪಟ್ಟಿಯಾದ ಕ್ಯಾಟಲಾಗ್‌ನಿಂದಲೇ ಶುರು ಮಾಡೋಣ ಅಂತಾಯಿತು. ಕ್ಯಾಟಲಾಗ್ ತೋರಿಸುವ ಲಿಸ್ಟ್‌ಕ್ಯಾಟ್ ಆಜ್ಞೆಯನ್ನು ಆಲ್ ಅಂತ ಕೊಟ್ಟು ನೋಡಿದೆವು. ವಿಸ್ಯಾಮ್ ಫೈಲ್‌ಗಳಿಗೆ (ಬೇಕಾದ ರೆಕಾರ್ಡ್ ನೇರ ತಲುಪಬಹುದಾದ ಫೈಲ್ ರೀತಿ) ಪುಟಗಟ್ಟಲೆ ವಿವರ ಬಂತು. ಸಾಮಾನ್ಯ ಸೀಕ್ವೆನ್ಷಿಯಲ್ ಫೈಲ್, ಪಿಡಿಎಸ್ (ಒಳಗೆ ಹಲವು ಮೆಂಬರ್ ಇರುವ ಫೈಲ್) ಇವಕ್ಕೆ ಮಾತ್ರ ವಾಲ್ಯೂಮ್ (ಡಿಸ್ಕ್) ಹೆಸರು, ಡಿವೈಸ್ ಟೈಪ್ ಅಷ್ಟೇ. ಎಷ್ಟು ಟ್ರ್ಯಾಕ್ (ಡಿಸ್ಕ್ ಜಾಗದ ಅಳತೆ) ಅಂತ ಎಲ್ಲೂ ಇಲ್ಲ.

ರೆಕ್ಸ್ ಭಾಷೆಯ ಹಳೆಯ ಪ್ರೋಗ್ರಾಂ ಒಂದಿದೆ. ಅದು ಪ್ರತಿ ಹೆಸರಿಗೂ ಲಿಸ್ಟ್‌ಡಿಎಸ್‌ಐ (ಒಂದು ಡೇಟಾಸೆಟ್‌ನ ವಿವರ ಕೊಡುವ ಫಂಕ್ಷನ್) ಕರೆಯುತ್ತದೆ. ಅದನ್ನು ಪ್ರೊಡಕ್ಷನ್‌ನಲ್ಲಿ ಓಡಿಸಬೇಡಿ ಅಂತ ಸ್ಟೋರೇಜ್ ಟೀಮ್‌ನವರು ತಡೆದರು, ಯಾಕೆ ಅಂತ ಹೇಳಲಿಲ್ಲ. ಅವರೇ ಕೊಟ್ಟ ವಾಲ್ಯೂಮ್‌ವಾರು ಮೊತ್ತಕ್ಕೂ ಕ್ಯಾಟಲಾಗ್ ಕಡೆಯಿಂದ ಬರೋ ಮೊತ್ತಕ್ಕೂ ತಾಳೆ ಆಗುತ್ತಿಲ್ಲ. ಅವರದು ಯಾವಾಗಲೂ ಜಾಸ್ತಿ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಇದನ್ನು ಸರಿಯಾಗಿ ಮಾಡೋದು ಹೇಗೆ? ಮಾಡಿದವರು ದಯವಿಟ್ಟು ಹೇಳಿ.

ಶಹಾಪುರ_ಕೋಬಾಲ್ (ಬೆಳಗಾವಿ)

ಐಎಸ್‌ಪಿಎಫ್ 3.4ರ ಡೇಟಾಸೆಟ್ ಪಟ್ಟಿ ಪರದೆಯಲ್ಲಿ ಹೆಸರು ಕೊಟ್ಟರೆ ಟ್ರ್ಯಾಕ್, ಶೇಕಡಾವಾರು ಬಳಕೆ, ಎಕ್ಸ್‌ಟೆಂಟ್ (ಒಟ್ಟಿಗೆ ಇರುವ ಜಾಗದ ತುಂಡು) ಎಲ್ಲಾ ಕಾಣುತ್ತದಲ್ವಾ? ಅಂದಮೇಲೆ ಕ್ಯಾಟಲಾಗ್‌ನಲ್ಲಿ ಅದು ಇರಲೇಬೇಕು. ಲಿಸ್ಟ್‌ಕ್ಯಾಟ್ ತೋರಿಸೋದಿಲ್ಲ ಅಷ್ಟೇ ಇರಬಹುದು.

ನವನಗರ_ಸ್ಟೋರೇಜ್ (ಬಾಗಲಕೋಟೆ)

ಇಲ್ಲ ತಮ್ಮಾ. 3.4 ಪರದೆ ಹೆಸರು ಮತ್ತು ವಾಲ್ಯೂಮ್ ಮಾತ್ರ ಕ್ಯಾಟಲಾಗ್‌ನಿಂದ ತರುತ್ತದೆ. ಆಮೇಲೆ ಆ ವಾಲ್ಯೂಮ್‌ನ ವಿಟಾಕ್ ಓದಿ ಟ್ರ್ಯಾಕ್ ಲೆಕ್ಕ ತುಂಬುತ್ತದೆ. ಎರಡು ಕಡೆಯ ಮಾಹಿತಿ ಒಂದೇ ಸಾಲಿನಲ್ಲಿ ಕಾಣುತ್ತದೆ, ಹಾಗಾಗಿ ಎಲ್ಲಾ ಒಂದೇ ಕಡೆ ಇದೆ ಅನ್ನಿಸುತ್ತದೆ.

ಕ್ಯಾಟಲಾಗ್‌ನ ಕೆಲಸ ಡೇಟಾಸೆಟ್ ಎಲ್ಲಿದೆ ಅಂತ ಹೇಳೋದು. ಎಷ್ಟು ದೊಡ್ಡದು ಅನ್ನೋದು ವಾಲ್ಯೂಮ್ ಮೇಲೇ ಇರುವ ವಿಟಾಕ್‌ನಲ್ಲಿ ಇರುತ್ತದೆ. ಅಲ್ಲಿ ಪ್ರತಿ ಡೇಟಾಸೆಟ್‌ಗೂ 140 ಬೈಟ್‌ನ ಒಂದು ದಾಖಲೆ, ಫಾರ್ಮ್ಯಾಟ್-1 ಡಿಎಸ್‌ಸಿಬಿ ಅಂತಾರೆ. ಹೆಸರು, ಬ್ಲಾಕ್‌ಸೈಜ್, ಯಾವಾಗ ಸೃಷ್ಟಿಯಾಯಿತು, ಕೊನೆಗೆ ಯಾವಾಗ ಓಪನ್ ಆಯಿತು, ಮೊದಲ 3 ಎಕ್ಸ್‌ಟೆಂಟ್ ಎಲ್ಲಿವೆ, ಕೊನೆಗೆ ಬರೆದ ಟ್ರ್ಯಾಕ್ ಯಾವುದು, ಎಲ್ಲಾ ಅದರಲ್ಲೇ. ಎಕ್ಸ್‌ಟೆಂಟ್ ಜಾಸ್ತಿ ಇದ್ದರೆ ಫಾರ್ಮ್ಯಾಟ್-3ಕ್ಕೆ ಹೋಗುತ್ತದೆ. ದೊಡ್ಡ ಇಎವಿ ವಾಲ್ಯೂಮ್‌ಗಳಲ್ಲಿ ಫಾರ್ಮ್ಯಾಟ್-8 ಮತ್ತು 9 ಕೂಡ ಇರುತ್ತವೆ.

ಹಾಗಾದರೆ ವಿಸ್ಯಾಮ್‌ಗೆ ಲಿಸ್ಟ್‌ಕ್ಯಾಟ್ ಅಳತೆ ಹೇಗೆ ಕೊಡುತ್ತದೆ? ಐಸಿಎಫ್ ಕ್ಯಾಟಲಾಗ್‌ನಲ್ಲಿ ಎರಡು ತುಂಡು. ಒಂದು ಬಿಸಿಎಸ್. ನಾವು ಯೂಸರ್ ಕ್ಯಾಟಲಾಗ್ ಅಂತ ಕರೆಯೋದು ಇದನ್ನೇ, ಇದು ಸ್ವತಃ ಒಂದು ವಿಸ್ಯಾಮ್ ಕೆಎಸ್‌ಡಿಎಸ್ (ಕೀ ಪ್ರಕಾರ ಜೋಡಿಸಿದ ಫೈಲ್). ಇನ್ನೊಂದು ವಿವಿಡಿಎಸ್, ಅದು ಒಂದೊಂದು ವಾಲ್ಯೂಮ್ ಮೇಲೂ ಇರುತ್ತದೆ. ವಿಸ್ಯಾಮ್ ಫೈಲ್‌ನ ಆರ್‌ಬಿಎ (ಫೈಲ್ ಶುರುವಿನಿಂದ ಎಷ್ಟನೇ ಬೈಟ್), ಸಿಐ (ಒಂದು ಸಲಕ್ಕೆ ಓದಿ ಬರೆಯುವ ತುಂಡು) ಸೈಜ್ ಎಲ್ಲಾ ವಿವಿಡಿಎಸ್‌ನಲ್ಲಿ. ಲಿಸ್ಟ್‌ಕ್ಯಾಟ್ ಎರಡನ್ನೂ ಓದಿ ಸೇರಿಸಿ ಮುದ್ರಿಸುತ್ತದೆ. ಎಸ್‌ಎಮ್‌ಎಸ್ (ಫೈಲ್ ಎಲ್ಲಿಡಬೇಕು ಅಂತ ತಾನೇ ನೋಡಿಕೊಳ್ಳುವ ವ್ಯವಸ್ಥೆ) ಕೈಯಲ್ಲಿರುವ ಸಾಮಾನ್ಯ ಫೈಲ್‌ಗೂ ವಿವಿಡಿಎಸ್‌ನಲ್ಲಿ ಚಿಕ್ಕ ದಾಖಲೆ ಇರುತ್ತದೆ. ಆದರೆ ಅದರಲ್ಲಿ ಸ್ಟೋರೇಜ್ ಕ್ಲಾಸ್, ಮ್ಯಾನೇಜ್‌ಮೆಂಟ್ ಕ್ಲಾಸ್ ತರಹದ ವಿವರ ಇರುತ್ತದೆ, ಟ್ರ್ಯಾಕ್ ಲೆಕ್ಕ ಇರೋದಿಲ್ಲ.

ಅದಕ್ಕೇ ಕ್ಯಾಟಲಾಗ್ ಬಿಡಬೇಡಿ, ಆದರೆ ಅದೊಂದನ್ನೇ ಹಿಡಿದು ಬಿಲ್ ಮಾಡಬೇಡಿ. ಇದು ಯಾರದು, ಎಲ್ಲಿದೆ ಅನ್ನೋದಕ್ಕೆ ಕ್ಯಾಟಲಾಗ್. ಎಷ್ಟು ಅನ್ನೋದಕ್ಕೆ ವಿಟಾಕ್. ಡಿಸ್ಕ್ ಬಿಟ್ಟು ಹೋದದ್ದಕ್ಕೆ ಎಚ್‌ಎಸ್‌ಎಮ್ (ಬಳಸದ ಫೈಲ್‌ಗಳನ್ನು ಬೇರೆಡೆಗೆ ಸರಿಸುವ, ಅಂದರೆ ಮೈಗ್ರೇಟ್ ಮಾಡುವ ಸಾಫ್ಟ್‌ವೇರ್) ದಾಖಲೆ. ಮೂರನ್ನೂ ಹೆಸರಿನ ಮೇಲೆ ಜೋಡಿಸಬೇಕು. ಲಿಸ್ಟ್‌ಡಿಎಸ್‌ಐ ಯಾಕೆ ಬೇಡ ಅಂದರು ಅನ್ನೋದನ್ನು ಊಟ ಮುಗಿಸಿ ಬರೆಯುತ್ತೇನೆ.

ಗುಮ್ಮಟ_ಡಿಬಿ2 (ವಿಜಯಪುರ)

ಸರ್ ಹೇಳಿದ್ದಕ್ಕೆ ವಿಸ್ಯಾಮ್ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಆರ್‌ಬಿಎಯನ್ನು ಸಿಲಿಂಡರ್ ಮಾಡೋವಾಗ ತುಂಬಾ ಜನ ತಪ್ಪು ಭಾಜಕ ಹಿಡಿಯುತ್ತಾರೆ.

ಒಂದು ಕೆಎಸ್‌ಡಿಎಸ್ ತಗೊಳ್ಳಿ. ಡೇಟಾ ಕಾಂಪೊನೆಂಟ್‌ನ ಸಿಐ ಸೈಜ್ 4096. ಲಿಸ್ಟ್‌ಕ್ಯಾಟ್‌ನಲ್ಲಿ ಹೈ ಅಲೋಕೇಟೆಡ್ ಆರ್‌ಬಿಎ (ಹಿಡಿದಿಟ್ಟ ಜಾಗದ ಕೊನೆ) 36,86,40,000 ಮತ್ತು ಹೈ ಯೂಸ್ಡ್ ಆರ್‌ಬಿಎ (ಬಳಸಿದ ಜಾಗದ ಕೊನೆ) 4,42,36,800 ಅಂತ ಇದೆ ಅಂದುಕೊಳ್ಳಿ. 3390 ಮಾದರಿ ಡಿಸ್ಕ್‌ನ ಒಂದು ಸಿಲಿಂಡರ್ ಅಂದರೆ 15 ಟ್ರ್ಯಾಕ್, ಟ್ರ್ಯಾಕ್‌ಗೆ 56,664 ಬೈಟ್, ಒಟ್ಟು 8,49,960 ಬೈಟ್ ಅಂತ ಎಲ್ಲಾ ಕಡೆ ಓದುತ್ತೇವೆ. ಅದರಿಂದ ಭಾಗಿಸಿದರೆ ಸುಮಾರು 434 ಸಿಲಿಂಡರ್ ಬರುತ್ತದೆ. ಆದರೆ ವಿಟಾಕ್ ನೋಡಿದರೆ 500 ಇದೆ!

ಕಾರಣ ಸರಳ. 4096ರ ಸಿಐ ಒಂದು ಟ್ರ್ಯಾಕ್‌ನಲ್ಲಿ 12 ಮಾತ್ರ ಹಿಡಿಯುತ್ತವೆ. ಸಿಲಿಂಡರ್‌ಗೆ 180. ಅಂದರೆ ಬಳಕೆಗೆ ಸಿಗೋದು 7,37,280 ಬೈಟ್. ಇದರಿಂದ ಭಾಗಿಸಿ: ಸರಿಯಾಗಿ 500. ಹೈ ಯೂಸ್ಡ್ ಭಾಗಿಸಿ: ಸರಿಯಾಗಿ 60. ಶೇಕಡಾ 12 ಮಾತ್ರ ಬಳಕೆ. ಸಿಐ ಸೈಜ್ ಬದಲಾದರೆ ಭಾಜಕವೂ ಬದಲಾಗುತ್ತದೆ. ಹಾಗಾಗಿ ಪ್ರತಿ ಫೈಲ್‌ಗೂ ಅದರ ಸಿಐ ಸೈಜ್ ಜೊತೆಗೇ ಎತ್ತಿಕೊಳ್ಳಬೇಕು. ಇಲ್ಲವೇ ಸೀದಾ ಟ್ರ್ಯಾಕ್ ಲೆಕ್ಕವನ್ನೇ ವಿಟಾಕ್‌ನಿಂದ ತರಬೇಕು.

ಇನ್ನೊಂದು. ಫೈಲ್ ಓಪನ್ ಇದ್ದಾಗ ಕ್ಯಾಟಲಾಗ್‌ನ ಹೈ ಯೂಸ್ಡ್ ಆರ್‌ಬಿಎ ಹಿಂದೆ ಬಿದ್ದಿರಬಹುದು. ಕ್ಲೋಸ್ ಆದಾಗ ಸರಿಹೋಗುತ್ತದೆ. ಜಾಬ್ ಅರ್ಧಕ್ಕೇ ಬಿದ್ದಿದ್ದರೆ ವೆರಿಫೈ ಆಜ್ಞೆ ಕೊಡೋತನಕ ಹಾಗೇ ಇರುತ್ತದೆ. ಹಾಗೇ ಕೆಎಸ್‌ಡಿಎಸ್‌ನಲ್ಲಿ ರೆಕಾರ್ಡ್ ಅಳಿಸಿದರೂ ಹೈ ಯೂಸ್ಡ್ ಆರ್‌ಬಿಎ ಕೆಳಗೆ ಇಳಿಯೋದಿಲ್ಲ. ಬಳಕೆಯ ಅಂಕಿಯನ್ನು ಇಷ್ಟು ತಿಳಿದುಕೊಂಡೇ ಓದಬೇಕು.

ನವನಗರ_ಸ್ಟೋರೇಜ್ (ಬಾಗಲಕೋಟೆ)

ಅಕ್ಕಾರ ಲೆಕ್ಕ ನೂರಕ್ಕೆ ನೂರು ಸರಿ.

ಈಗ ಲಿಸ್ಟ್‌ಡಿಎಸ್‌ಐ ವಿಷಯ. ಎಚ್‌ಎಸ್‌ಎಮ್ ಒಂದು ಡೇಟಾಸೆಟ್ ಅನ್ನು ಮೈಗ್ರೇಟ್ ಮಾಡಿದರೆ ಕ್ಯಾಟಲಾಗ್‌ನಲ್ಲಿ ಅದರ ವಾಲ್ಯೂಮ್ ಹೆಸರು ಮೈಗ್ರಾಟ್ ಅಂತ ಬದಲಾಗುತ್ತದೆ. ಅಂಥ ಹೆಸರಿನ ಮೇಲೆ ಲಿಸ್ಟ್‌ಡಿಎಸ್‌ಐ ಕರೆದರೆ ಏನಾಗುತ್ತದೆ ಅನ್ನೋದು ನೀವು ಕೊಟ್ಟ ಪದದ ಮೇಲೆ ನಿಂತಿದೆ. ನೋರೀಕಾಲ್ ಕೊಟ್ಟರೆ ಮುಟ್ಟೋದಿಲ್ಲ. ರೀಕಾಲ್ ಕೊಟ್ಟರೆ ಎಲ್ಲಿದ್ದರೂ ವಾಪಸ್ ತರಿಸುತ್ತದೆ. ಏನೂ ಕೊಡದಿದ್ದರೆ? ಡಿಸ್ಕ್‌ಗೆ ಮೈಗ್ರೇಟ್ ಆಗಿದ್ದನ್ನು ತರಿಸುತ್ತದೆ, ಟೇಪ್‌ಗೆ ಹೋಗಿದ್ದನ್ನು ಬಿಡುತ್ತದೆ. ಇದು ಮ್ಯಾನುಯಲ್‌ನಲ್ಲೇ ಇದೆ. ಆದರೆ ಹಳೆಯ ರೆಕ್ಸ್‌ಗಳಲ್ಲಿ ಯಾರೂ ಏನೂ ಬರೆದಿರೋದಿಲ್ಲ.

ಈಗ ಯೋಚಿಸಿ. ಸಾವಿರಾರು ಹೆಸರು ಇರುವ ಪಟ್ಟಿ. ಅದರಲ್ಲಿ ಎಂಎಲ್1 (ಮೈಗ್ರೇಟ್ ಆದ ಫೈಲ್ ಇಡುವ ಡಿಸ್ಕ್) ಮೇಲಿರುವುದೆಲ್ಲಾ ಒಂದೇ ರಾತ್ರಿ ಪ್ರೈಮರಿ ಡಿಸ್ಕ್‌ಗೆ ವಾಪಸ್. ಜಾಗ ಅಳೆಯೋಕೆ ಹೋದ ಪ್ರೋಗ್ರಾಂನಿಂದಲೇ ಜಾಗ ತುಂಬುತ್ತದೆ. ಸ್ಟೋರೇಜ್ ಗ್ರೂಪ್ ಭರ್ತಿ ಆಗಿ ಬೆಳಗಿನ ಬ್ಯಾಚ್ ಜಾಗ ಸಾಲದೆ ಬಿ37 ಎರರ್‌ನಲ್ಲಿ ಬೀಳುತ್ತದೆ. ನಿಮ್ಮ ಸ್ಟೋರೇಜ್ ಟೀಮ್ ತಡೆದದ್ದು ಇದಕ್ಕೇ ಇರಬೇಕು. ಕಾರಣ ಹೇಳಿದ್ದರೆ ಒಳ್ಳೆಯದಿತ್ತು.

ಲಿಸ್ಟ್‌ಡಿಎಸ್‌ಐನಲ್ಲಿ ಇನ್ನೊಂದು ಕೊರತೆ. ಡೇಟಾಸೆಟ್ ಹಲವು ವಾಲ್ಯೂಮ್ ಮೇಲೆ ಹರಡಿದ್ದರೆ, ಮಲ್ಟಿವಾಲ್ ಅಂತ ಕೊಡದಿದ್ದರೆ ಮೊದಲ ವಾಲ್ಯೂಮ್‌ನ ಲೆಕ್ಕ ಮಾತ್ರ ಬರುತ್ತದೆ. ದೊಡ್ಡ ಫೈಲ್‌ಗಳಲ್ಲೇ ಲೆಕ್ಕ ಕಡಿಮೆ ಬೀಳುತ್ತದೆ ಅಂದರೆ ಎಷ್ಟು ಕೆಟ್ಟದ್ದು ನೋಡಿ. ಒಂದೆರಡು ಫೈಲ್ ಪರೀಕ್ಷಿಸೋಕೆ ಲಿಸ್ಟ್‌ಡಿಎಸ್‌ಐ ಚೆನ್ನಾಗಿದೆ. ಇಡೀ ಕಂಪನಿಯ ಲೆಕ್ಕಕ್ಕೆ ಬೇಡ.

ಉದ್ಯಮಬಾಗ್_ಬ್ಯಾಚ್ (ಬೆಳಗಾವಿ)

ಸರ್, ತುಂಬಾ ಉಪಕಾರ ಆಯಿತು. ಈಗ ಕಾರಣ ಗೊತ್ತಾಯಿತು. ಹಾಗಾದರೆ ಇಡೀ ಲೆಕ್ಕಕ್ಕೆ ಏನು ಬಳಸಬೇಕು?

ನವನಗರ_ಸ್ಟೋರೇಜ್ (ಬಾಗಲಕೋಟೆ)

ಸಿಸ್ಟಂ ಜೊತೆಗೇ ಬರುವ ಐಡಿಕ್ಯಾಮ್ಸ್ ಯುಟಿಲಿಟಿಯಲ್ಲೇ ಇರುವ ಡಿಕಲೆಕ್ಟ್ ಆಜ್ಞೆ. ಬೇರೆ ಏನೂ ಖರೀದಿ ಮಾಡಬೇಕಿಲ್ಲ. ವಾಲ್ಯೂಮ್ ಹೆಸರು ಅಥವಾ ಸ್ಟೋರೇಜ್ ಗ್ರೂಪ್ ಕೊಟ್ಟರೆ ಪ್ರತಿ ವಾಲ್ಯೂಮ್‌ನ ವಿಟಾಕ್ ಮತ್ತು ವಿವಿಡಿಎಸ್ ಓದಿ ದಾಖಲೆ ಬರೆಯುತ್ತದೆ. ಡಿ ದಾಖಲೆ ಅಂದರೆ ಸಕ್ರಿಯ ಡೇಟಾಸೆಟ್. ಅದರಲ್ಲಿ ಅಲೋಕೇಟ್ ಆದ ಜಾಗ, ಬಳಸಿದ ಜಾಗ, ಸೃಷ್ಟಿಯಾದ ದಿನ, ಕೊನೆಗೆ ಬಳಸಿದ ದಿನ, ಎಸ್‌ಎಮ್‌ಎಸ್ ಕ್ಲಾಸ್‌ಗಳು ಎಲ್ಲಾ ಇರುತ್ತವೆ. ಜಾಗ ಕಿಲೋಬೈಟ್‌ನಲ್ಲಿ ಇರುತ್ತದೆ. ಒಂದು ಸಿಲಿಂಡರ್ ಸುಮಾರು 830 ಕೆಬಿ ಅಂತ ನೆನಪಿಟ್ಟರೆ ತಾಳೆ ನೋಡೋದು ಸುಲಭ. ಎ ದಾಖಲೆಯಲ್ಲಿ ವಿಸ್ಯಾಮ್ ಕಾಂಪೊನೆಂಟ್ ಯಾವ ಕ್ಲಸ್ಟರ್‌ಗೆ ಸೇರಿದ್ದು ಅಂತ ಬರುತ್ತದೆ. ವಿ ದಾಖಲೆಯಲ್ಲಿ ವಾಲ್ಯೂಮ್‌ನ ಒಟ್ಟು ಜಾಗ, ಖಾಲಿ ಜಾಗ.

ಮೈಗ್ರೇಟ್‌ಡೇಟಾ ಅಂತ ಕೇಳಿ, ಎಚ್‌ಎಸ್‌ಎಮ್‌ನ ಎಂಸಿಡಿಎಸ್ (ಮೈಗ್ರೇಷನ್ ಲೆಕ್ಕ ಇಡುವ ಫೈಲ್) ಕೊಟ್ಟರೆ ಎಂ ದಾಖಲೆಗಳೂ ಬರುತ್ತವೆ. ಮೈಗ್ರೇಟ್ ಆದ ಫೈಲ್‌ನ ಈಗಿನ ಅಳತೆ ಏನು, ಮೊದಲು ಡಿಸ್ಕ್ ಮೇಲೆ ಎಷ್ಟು ಹಿಡಿದಿತ್ತು, ಎಂಎಲ್1 ಮೇಲಿದೆಯಾ ಎಂಎಲ್2 (ಸಾಮಾನ್ಯವಾಗಿ ಟೇಪ್) ಮೇಲಿದೆಯಾ ಅಂತ ತಿಳಿಯುತ್ತದೆ. ಒಂದೂ ಫೈಲ್ ರೀಕಾಲ್ ಆಗೋದಿಲ್ಲ. ಬ್ಯಾಕಪ್ ಲೆಕ್ಕ ಬೇಕಿದ್ದರೆ ಬ್ಯಾಕಪ್‌ಡೇಟಾ ಅಂತ ಬೇರೆ ಇದೆ.

ಬಂದ ದಾಖಲೆಯನ್ನು ವಿಂಗಡಿಸುವ ಪ್ರೋಗ್ರಾಂ ಆದ ಡಿಎಫ್‌ಸಾರ್ಟ್‌ನ ಐಸ್‌ಟೂಲ್‌ನಲ್ಲೇ ಮೊತ್ತ ಮಾಡಬಹುದು. ಐಸ್‌ಎಸ್‌ಟಿಜಿಇಎಕ್ಸ್ ಅಂತ ಸ್ಟೋರೇಜ್ ನೋಡಿಕೊಳ್ಳುವವರಿಗಾಗಿ ಮಾದರಿ ಜಾಬ್ ಡಿಎಫ್‌ಸಾರ್ಟ್ ಜೊತೆಗೇ ಬರುತ್ತದೆ. ಮೊದಲಿಂದ ಬರೆಯೋ ಬದಲು ಅದನ್ನು ತೆರೆದು ನೋಡಿ.

ಶಹಾಪುರ_ಕೋಬಾಲ್ (ಬೆಳಗಾವಿ)

ಡಿಕಲೆಕ್ಟ್ ಎಲ್ಲಾ ಕೊಡುತ್ತದೆ ಅಂದಮೇಲೆ ಕ್ಯಾಟಲಾಗ್ ಯಾಕೆ ಬೇಕು ಸರ್? ಡಿ ದಾಖಲೆಯಲ್ಲೇ ಹೆಸರು ಇದೆ. ಹೈ ಲೆವೆಲ್ ಕ್ವಾಲಿಫೈಯರ್ ಮೇಲೆ ಮೊತ್ತ ಹೊಡೆದರೆ ಮುಗಿಯಿತಲ್ವಾ?

ನವನಗರ_ಸ್ಟೋರೇಜ್ (ಬಾಗಲಕೋಟೆ)

ಬಿಲ್ ಮುಗಿಯುತ್ತದೆ. ಕೆಲಸ ಮುಗಿಯೋದಿಲ್ಲ. ಕ್ಯಾಟಲಾಗ್ ಪಟ್ಟಿ ಒಂದು ಕಡೆ, ವಿಟಾಕ್ ಪಟ್ಟಿ ಇನ್ನೊಂದು ಕಡೆ ಇಟ್ಟು ಹೊಂದಿಸಿದಾಗ ಎರಡೂ ಕಡೆ ಹೊಂದದೆ ಉಳಿಯುವ ಸಾಲುಗಳಿವೆಯಲ್ಲ, ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಅವೇ ಮುಖ್ಯ. ಉದ್ಯಮಬಾಗ್ ತಮ್ಮ ಕೇಳಿದ ವ್ಯತ್ಯಾಸವೂ ಅಲ್ಲೇ ಇದೆ.

ನಾವು ಬಾಗಲಕೋಟೆಯವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತೇವೆ. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ಮನೆಗಳು ಹೋದವು, ಜನ ನವನಗರಕ್ಕೆ ಬಂದರು. ಮನೆ ಮುಳುಗಿದರೂ ಹಳೆ ವಿಳಾಸ ಒಂದು ಕಾಗದದಲ್ಲಿ ಉಳಿದಿರಬಹುದು. ಇಲ್ಲಿ ಬಂದು ಮನೆ ಕಟ್ಟಿ ಕೂತರೂ ಯಾವ ಕಾಗದದಲ್ಲೂ ಹೆಸರು ಬಂದಿರದೇ ಇರಬಹುದು. ಎರಡೂ ಪಟ್ಟಿ ಹಿಡಿದು ಓಣಿ ತಿರುಗಿದವರಿಗೇ ನಿಜ ಗೊತ್ತಾಗೋದು.

ವಿಟಾಕ್‌ನಲ್ಲಿ ಇದೆ, ಕ್ಯಾಟಲಾಗ್‌ನಲ್ಲಿ ಇಲ್ಲ. ಇಂಥವು ಎಲ್ಲಿಂದ ಬರುತ್ತವೆ? ಮೊದಲನೆಯದು ತಾತ್ಕಾಲಿಕ ಡೇಟಾಸೆಟ್‌ಗಳು. ಜಾಬ್ ಓಡುವಾಗ ಹುಟ್ಟಿ ಜಾಬ್ ಮುಗಿದಾಗ ಹೋಗುತ್ತವೆ, ಕ್ಯಾಟಲಾಗ್ ಆಗೋದೇ ಇಲ್ಲ. ಬ್ಯಾಚ್ ಜೋರಾಗಿ ಓಡುವಾಗ ಡಿಕಲೆಕ್ಟ್ ಹಾಕಿದರೆ ವರ್ಕ್ ವಾಲ್ಯೂಮ್ ತುಂಬಾ ಇವೇ ಕಾಣುತ್ತವೆ. ಸಿಸ್ಟಂ ಬಿದ್ದು ಎದ್ದಾಗ ಅಳಿಯದೆ ಉಳಿದ ಹಳೆಯವೂ ಇರುತ್ತವೆ, ಅವನ್ನು ದಿನಾಂಕ ನೋಡಿ ಹಿಡಿಯಬಹುದು. ಎರಡನೆಯದು ವಿಟಾಕ್, ವಿವಿಡಿಎಸ್ ತಾವೇ ಹಿಡಿದಿರುವ ಟ್ರ್ಯಾಕ್‌ಗಳು. ಇದು ಯಾವ ಅಪ್ಲಿಕೇಶನ್‌ಗೂ ಸೇರೋದಿಲ್ಲ.

ಮೂರನೆಯದು ಜಿಡಿಜಿ, ಅಂದರೆ ಬೇಸ್ ಅನ್ನೋ ಒಂದೇ ಹೆಸರಿನಡಿ ಸಾಲಾಗಿ ಇಡುವ ಫೈಲ್‌ನ ಆವೃತ್ತಿಗಳು (ಜನರೇಷನ್). ಇದರ ಮೇಲೆ ಸ್ವಲ್ಪ ನಿಲ್ಲಬೇಕು. ಬೇಸ್ ಅನ್ನು ನೋಸ್ಕ್ರ್ಯಾಚ್ ಅಂತ ಡಿಫೈನ್ ಮಾಡಿದ್ದರೆ, ಮಿತಿ ಮೀರಿದಾಗ ಹಳೆಯ ಜನರೇಷನ್ ಪಟ್ಟಿಯಿಂದ ಹೊರಗೆ ಹೋಗುತ್ತದೆ, ಡಿಸ್ಕ್‌ನಿಂದ ಹೋಗೋದಿಲ್ಲ. ಎಸ್‌ಎಮ್‌ಎಸ್ ಇಲ್ಲದ ವಾಲ್ಯೂಮ್ ಆದರೆ ಕ್ಯಾಟಲಾಗ್ ಹೆಸರು ಅಳಿದು ಫೈಲ್ ಹಾಗೇ ಕೂತಿರುತ್ತದೆ. ಎಸ್‌ಎಮ್‌ಎಸ್ ಆದರೆ ಕ್ಯಾಟಲಾಗ್‌ನಲ್ಲೇ ರೋಲ್ಡ್ ಆಫ್ ಅನ್ನೋ ಸ್ಥಿತಿಯಲ್ಲಿ ಉಳಿಯುತ್ತದೆ. ಎರಡು ರೀತಿಯಲ್ಲೂ ಯಾರೂ ಓದದ ಫೈಲ್ ದಿನಕ್ಕೊಂದರಂತೆ ಸೇರುತ್ತಾ ಹೋಗುತ್ತದೆ. ಅದಕ್ಕೆ ಜಿಡಿಜಿ ಬೇಸ್‌ಗಳ ಪಟ್ಟಿ ತೆಗೆದು ಸ್ಕ್ರ್ಯಾಚ್ ಇದೆಯಾ ನೋಸ್ಕ್ರ್ಯಾಚ್ ಇದೆಯಾ ಅಂತ ಮೊದಲು ನೋಡಿ. ಮಿತಿಯನ್ನೂ ನೋಡಿ. ಹಳೆಯ ಜಿಡಿಜಿಗೆ 255 ಗರಿಷ್ಠ. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಜೆಡ್‌ಓಎಸ್ 2.2ರಿಂದ ಎಕ್ಸ್‌ಟೆಂಡೆಡ್ ಮಾಡಿದರೆ 999. ಸುಮ್ನೆ 255 ಅಂತ ಹಾಕಿಟ್ಟವು ಪ್ರತಿ ಕಂಪನಿಯಲ್ಲೂ ಇರುತ್ತವೆ.

ನಾಲ್ಕನೆಯದು ಅಪಾಯದ್ದು. ಡಿಸ್ಕ್ ಅನ್ನು ಇನ್ನೊಂದು ಸಿಸ್ಟಂ ಜೊತೆ ಹಂಚಿಕೊಂಡಿರುತ್ತೇವೆ, ಅದಕ್ಕೆ ಬೇರೆ ಮಾಸ್ಟರ್ ಕ್ಯಾಟಲಾಗ್ ಇರುತ್ತದೆ. ನಿಮ್ಮ ಕಡೆಯಿಂದ ನೋಡಿದರೆ ಫೈಲ್ ಕ್ಯಾಟಲಾಗ್ ಆಗಿಲ್ಲ. ಅವರ ಕಡೆ ಆಗಿದೆ, ದಿನಾ ಬಳಕೆಯಲ್ಲಿದೆ. ಕ್ಯಾಟಲಾಗ್‌ನಲ್ಲಿ ಇಲ್ಲ ಅಂತ ಅಳಿಸಿದರೆ ದೊಡ್ಡ ಅನಾಹುತ. ಕೊನೆಯ ಬಳಕೆಯ ದಿನಾಂಕ ನೋಡದೆ, ಎಲ್ಲಾ ಸಿಸ್ಟಂಗಳ ಕ್ಯಾಟಲಾಗ್ ಹೊಂದಿಸದೆ ಒಂದನ್ನೂ ಮುಟ್ಟಬಾರದು.

ಇನ್ನು ಉಲ್ಟಾ: ಕ್ಯಾಟಲಾಗ್‌ನಲ್ಲಿ ಇದೆ, ವಿಟಾಕ್‌ನಲ್ಲಿ ಇಲ್ಲ. ಮೈಗ್ರಾಟ್ ಇದ್ದರೆ ಎಂಸಿಡಿಎಸ್‌ನಲ್ಲಿ ಹುಡುಕಿ. ಟೇಪ್ ಇದ್ದರೆ ಟೇಪ್ ಮ್ಯಾನೇಜ್‌ಮೆಂಟ್ ದಾಖಲೆಯಲ್ಲಿ ನೋಡಿ. ಏಲಿಯಾಸ್ ಆಗಿದ್ದರೆ ಅದು ಬೇರೆ ಹೆಸರು ಅಷ್ಟೇ, ಜಾಗ ಇಲ್ಲ. ವಾಲ್ಯೂಮ್ ಜಾಗದಲ್ಲಿ ನಕ್ಷತ್ರ ಚಿಹ್ನೆಗಳು ಅಥವಾ ಸಿಸ್ಟಂ ಸಿಂಬಲ್ ಇದ್ದರೆ ಅದು ಸಿಸ್ಟಂ ರೆಸಿಡೆನ್ಸ್ ವಾಲ್ಯೂಮ್ ಕಡೆಗೆ ತೋರಿಸುತ್ತದೆ. ಇವ್ಯಾವುವೂ ಅಲ್ಲದೆ ಉಳಿದದ್ದು ನಿಜವಾಗಿಯೂ ಸತ್ತ ದಾಖಲೆ. ಬಿಸಿಎಸ್ ಮತ್ತು ವಿವಿಡಿಎಸ್ ನಡುವಿನ ಇಂಥ ಹೊಂದಾಣಿಕೆ ನೋಡೋಕೆ ಐಡಿಕ್ಯಾಮ್ಸ್‌ನಲ್ಲಿ ಡಯಾಗ್ನೋಸ್ ಅಂತ ಆಜ್ಞೆ ಇದೆ. ಅದು ತಾನಾಗಿ ಏನನ್ನೂ ಸರಿಮಾಡೋದಿಲ್ಲ, ತೋರಿಸುತ್ತದೆ ಅಷ್ಟೇ. ಹಾಗಿರೋದೇ ಒಳ್ಳೆಯದು.

ಗುಮ್ಮಟ_ಡಿಬಿ2 (ವಿಜಯಪುರ)

ಕ್ಯಾಟಲಾಗ್ ಪಟ್ಟಿ ತೆಗೆಯೋಕೆ ಲಿಸ್ಟ್‌ಕ್ಯಾಟ್ ಔಟ್‌ಪುಟ್ ಅನ್ನು ಕತ್ತರಿಸಿ ಓದಬೇಡಿ. ಸಾಲಿನ ಜೋಡಣೆ ಬದಲಾದರೆ ಪ್ರೋಗ್ರಾಂ ಕೆಡುತ್ತದೆ. ಕ್ಯಾಟಲಾಗ್ ಸರ್ಚ್ ಇಂಟರ್‌ಫೇಸ್ (ಸಿಎಸ್‌ಐ) ಇದೆ, ಐಜಿಜಿಸಿಎಸ್‌ಐ00. ರೆಕ್ಸ್‌ನಿಂದಲೇ ಕರೆಯಬಹುದು. ಸಿಸ್1.ಸ್ಯಾಂಪ್‌ಲಿಬ್‌ನಲ್ಲಿ ಐಜಿಜಿಸಿಎಸ್‌ಐಆರ್‌ಎಕ್ಸ್ ಅಂತ ಮಾದರಿ ಇದೆ, ಅದನ್ನು ನಕಲು ಮಾಡಿ ಶುರು ಮಾಡಿ. ಬೇಕಾದ ಫೀಲ್ಡ್ ಮಾತ್ರ ಕೇಳಬಹುದು, ಲಿಸ್ಟ್‌ಕ್ಯಾಟ್‌ಗಿಂತ ತುಂಬಾ ಬೇಗ ಮುಗಿಯುತ್ತದೆ.

ಎರಡು ವಿಷಯ ಗಮನದಲ್ಲಿಡಿ. ಕೊಟ್ಟ ವರ್ಕ್ ಏರಿಯಾ ತುಂಬಿದರೆ ಅದು ಅಷ್ಟಕ್ಕೇ ನಿಲ್ಲಿಸಿ ರೆಸ್ಯೂಮ್ ಫ್ಲ್ಯಾಗ್ ಹಾಕುತ್ತದೆ. ಮತ್ತೆ ಕರೆಯಬೇಕು. ಫ್ಲ್ಯಾಗ್ ನೋಡದೆ ಬರೆದ ಪ್ರೋಗ್ರಾಂ ಯಾವ ಎರರ್ ಕೂಡ ಇಲ್ಲದೆ ಅರ್ಧ ಪಟ್ಟಿ ಕೊಡುತ್ತದೆ. ಇನ್ನೊಂದು, ಆರ್‌ಬಿಎ ಫೀಲ್ಡ್ 4 ಬೈಟ್‌ದೂ ಇದೆ, 8 ಬೈಟ್‌ದೂ ಇದೆ. 4 ಜಿಬಿ ದಾಟಿದ ಫೈಲ್ 4 ಬೈಟ್‌ನಲ್ಲಿ ಹಿಡಿಸೋದಿಲ್ಲ. ಹಾಗಾಗಿ ಎಕ್ಸ್ ಅಕ್ಷರದಿಂದ ಶುರುವಾಗುವ ದೊಡ್ಡ ಫೀಲ್ಡ್‌ಗಳನ್ನೇ ಕೇಳಿ.

ಡಿಬಿ2 ಡೇಟಾಬೇಸ್‌ನ ಟೇಬಲ್‌ಸ್ಪೇಸ್‌ಗೆ ಹೈ ಲೆವೆಲ್ ಕ್ವಾಲಿಫೈಯರ್ ಉಪಯೋಗಕ್ಕೆ ಬರೋದಿಲ್ಲ. ಒಂದು ಸಬ್‌ಸಿಸ್ಟಂನಲ್ಲಿ ಹತ್ತು ಅಪ್ಲಿಕೇಶನ್ ಇದ್ದರೂ ಎಲ್ಲಕ್ಕೂ ಮೊದಲ ಭಾಗ ಒಂದೇ ಇರಬಹುದು. ಹೆಸರಿನ ಎರಡನೆಯ ಭಾಗ ಕ್ಲಸ್ಟರ್ ಆದರೆ ಡಿಎಸ್‌ಎನ್‌ಡಿಬಿಸಿ, ಡೇಟಾ ಆದರೆ ಡಿಎಸ್‌ಎನ್‌ಡಿಬಿಡಿ. ಮೂರನೆಯ ಭಾಗದಲ್ಲಿ ಡೇಟಾಬೇಸ್ ಹೆಸರು, ನಾಲ್ಕನೆಯದರಲ್ಲಿ ಟೇಬಲ್‌ಸ್ಪೇಸ್ ಅಥವಾ ಇಂಡೆಕ್ಸ್‌ಸ್ಪೇಸ್. ನೀವು ಮೂರನೆಯ ಭಾಗದ ಮೇಲೆ ಮೊತ್ತ ಮಾಡಬೇಕು, ಮತ್ತು ಡಿಎಸ್‌ಎನ್‌ಡಿಬಿಡಿ ಸಾಲುಗಳನ್ನು ಮಾತ್ರ ಎಣಿಸಬೇಕು. ಎರಡನ್ನೂ ಎಣಿಸಿ ಜಾಗ ಇಮ್ಮಡಿ ಮಾಡಿದ ವರದಿ ನಮ್ಮ ಟೀಮ್‌ಗೆ ಬಂದಿತ್ತು. ಅದನ್ನು ತಿದ್ದಿಸೋಕೆ ಸಾಕಷ್ಟು ಓಡಾಡಬೇಕಾಯಿತು.

ಶಹಾಪುರ_ಕೋಬಾಲ್ (ಬೆಳಗಾವಿ)

ಈಗ ನನ್ನ ತಕರಾರು. ಬಿಲ್ ಅಲೋಕೇಟ್ ಆದ ಜಾಗದ ಮೇಲೆ ಹಾಕುತ್ತೀರಾ, ಬಳಸಿದ ಜಾಗದ ಮೇಲೆ ಹಾಕುತ್ತೀರಾ? ನಮ್ಮ ಫೈಲ್ ತಿಂಗಳ ಕೊನೆಯ ದಿನ ದೊಡ್ಡದಾಗುತ್ತದೆ, ಉಳಿದ ದಿನ ಚಿಕ್ಕದು. ಕಡಿಮೆ ಜಾಗ ಕೇಳಿದರೆ ತಿಂಗಳ ಕೊನೆಗೆ ಜಾಬ್ ಬೀಳುತ್ತದೆ, ರಾತ್ರಿ ಎದ್ದು ಕೂರೋರು ನಾವು. ಜಾಸ್ತಿ ಕೇಳಿದರೆ ಬಿಲ್ ಬರುತ್ತದೆ. ಬಳಸಿದ್ದಕ್ಕೆ ಮಾತ್ರ ಹಾಕೋದು ನ್ಯಾಯ.

ನವನಗರ_ಸ್ಟೋರೇಜ್ (ಬಾಗಲಕೋಟೆ)

ನಿಮ್ಮ ಕಷ್ಟ ನಿಜ. ಆದರೂ ನಾನು ಅಲೋಕೇಟ್ ಆದದ್ದರ ಮೇಲೇ ಅನ್ನುತ್ತೇನೆ. ನೀವು ಹಿಡಿದಿಟ್ಟ ಟ್ರ್ಯಾಕ್ ಅನ್ನು ಖಾಲಿ ಇದ್ದರೂ ಬೇರೆಯವರು ಬಳಸೋಕೆ ಬರೋದಿಲ್ಲ. ಆದರೆ ವರದಿಯಲ್ಲಿ ಎರಡೂ ಅಂಕಿ ಅಕ್ಕಪಕ್ಕ ಇರಲೇಬೇಕು. ಅಲೋಕೇಟ್ ಮಾತ್ರ ತೋರಿಸಿದರೆ ಅಪ್ಲಿಕೇಶನ್‌ನವರಿಗೆ ಎಲ್ಲಿ ಕೈ ಹಾಕಬೇಕು ಅಂತ ತಿಳಿಯೋದಿಲ್ಲ.

ನಿಮ್ಮ ಸಮಸ್ಯೆಗೆ ದಾರಿ ಇದೆ. ಪ್ರೈಮರಿ (ಮೊದಲು ಸಿಗುವ ಜಾಗ) ಸಾಮಾನ್ಯ ದಿನದಷ್ಟು ಇಡಿ. ಸೆಕೆಂಡರಿ (ಅದು ತುಂಬಿದಾಗ ಸೇರುವ ಜಾಗ) ತಿಂಗಳ ಕೊನೆಗೆ ಸಾಲುವಷ್ಟು ಇಡಿ. ಸಾಮಾನ್ಯ ಸೀಕ್ವೆನ್ಷಿಯಲ್ ಫೈಲ್‌ಗೆ ಒಂದು ವಾಲ್ಯೂಮ್ ಮೇಲೆ ಪ್ರೈಮರಿ ಸೇರಿ 16 ಎಕ್ಸ್‌ಟೆಂಟ್ ಸಿಗುತ್ತದೆ, ಅದರ ಲೆಕ್ಕ ಹಾಕಿ. ಜಾಬ್ ಬರೆಯುವ ಜೆಸಿಎಲ್ ಭಾಷೆಯ ಸ್ಪೇಸ್‌ನಲ್ಲಿ ಆರ್‌ಎಲ್‌ಎಸ್‌ಇ ಹಾಕಿ, ಕ್ಲೋಸ್ ಆದಾಗ ಉಳಿದದ್ದು ವಾಪಸ್ ಹೋಗುತ್ತದೆ. ಮ್ಯಾನೇಜ್‌ಮೆಂಟ್ ಕ್ಲಾಸ್‌ನಲ್ಲೂ ಪಾರ್ಷಿಯಲ್ ರಿಲೀಸ್ ಇದೆ. ವಿಸ್ಯಾಮ್ ಆದರೆ ಎಕ್ಸ್‌ಟೆಂಡೆಡ್ ಫಾರ್ಮ್ಯಾಟ್‌ಗೆ ಮಾತ್ರ ಅದು ನಡೆಯುತ್ತದೆ.

ಶಹಾಪುರ_ಕೋಬಾಲ್ (ಬೆಳಗಾವಿ)

ಇದಕ್ಕೆ ಒಪ್ಪುತ್ತೇನೆ ಸರ್, ಎರಡೂ ಅಂಕಿ ಇದ್ದರೆ ಮಾತ್ರ. ನಾನೂ ಒಂದು ಸೇರಿಸುತ್ತೇನೆ. ಬಳಸಿದ ಜಾಗ ಅಂತ ತೋರುವುದೂ ಎಲ್ಲಾ ಡೇಟಾ ಅಲ್ಲ. ಬ್ಲಾಕ್‌ಸೈಜ್ ಕೂಡ ನೋಡಬೇಕು. ಒಂದು ಉದಾಹರಣೆ. 80 ಬೈಟ್‌ನ 10 ಲಕ್ಷ ರೆಕಾರ್ಡ್. ಬ್ಲಾಕ್‌ಸೈಜ್ 80 ಅಂತಲೇ ಇಟ್ಟರೆ 3390ರ ಒಂದು ಟ್ರ್ಯಾಕ್‌ಗೆ 78 ರೆಕಾರ್ಡ್ ಮಾತ್ರ ಕೂರುತ್ತವೆ, ಉಳಿದದ್ದೆಲ್ಲಾ ಬ್ಲಾಕ್‌ಗಳ ನಡುವಿನ ಅಂತರಕ್ಕೆ ಹೋಗುತ್ತದೆ. 12,821 ಟ್ರ್ಯಾಕ್, ಅಂದರೆ 855 ಸಿಲಿಂಡರ್ ಬೇಕು. ಅದೇ 27,920 ಅಂತ ಇಟ್ಟರೆ ಟ್ರ್ಯಾಕ್‌ಗೆ ಎರಡು ಬ್ಲಾಕ್, 698 ರೆಕಾರ್ಡ್. 1,433 ಟ್ರ್ಯಾಕ್, 96 ಸಿಲಿಂಡರ್‌ನಲ್ಲಿ ಮುಗಿಯುತ್ತದೆ. ಡೇಟಾ ಒಂದೇ, ಜಾಗ ಸುಮಾರು 9 ಪಟ್ಟು!

ವಿಟಾಕ್‌ನಲ್ಲಿ ಬ್ಲಾಕ್‌ಸೈಜ್ ಇದ್ದೇ ಇದೆ. ಚಿಕ್ಕ ಬ್ಲಾಕ್‌ಸೈಜ್ ಇರುವ ದೊಡ್ಡ ಫೈಲ್‌ಗಳನ್ನು ವರದಿಯಲ್ಲಿ ಮೇಲೆ ಹಾಕಿ. ಹೊಸ ಜೆಸಿಎಲ್‌ನಲ್ಲಿ ಬ್ಲಾಕ್‌ಸೈಜ್ 0 ಕೊಟ್ಟರೆ ಸಿಸ್ಟಂ ತಾನೇ ಸರಿಯಾದದ್ದು ಹಾಕುತ್ತದೆ. ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಬ್ಲಾಕ್ ಕಂಟೇನ್ಸ್ ಅಂತ ಅಂಕಿ ಬರೆದಿಟ್ಟಿರುತ್ತಾರೆ, ಅದನ್ನು 0 ರೆಕಾರ್ಡ್ಸ್ ಮಾಡಬೇಕು.

ಕಲಿಯುವವ_ಬೆಳಗಾವಿ

ಎಲ್ಲರಿಗೂ ನಮಸ್ಕಾರ, ನಾನು ಇಲ್ಲೇ ಇಂಜಿನಿಯರಿಂಗ್ ಕೊನೆ ವರ್ಷ. ಒಂದು ಸಣ್ಣ ಪ್ರಶ್ನೆ. 3390 ಅಂದರೆ ಹಳೆಯ ಡಿಸ್ಕ್ ಅಲ್ವಾ? ಈಗಲೂ ಟ್ರ್ಯಾಕ್, ಸಿಲಿಂಡರ್ ಅಂತ ಯಾಕೆ ಎಣಿಸುತ್ತೀರಿ? ಮತ್ತೆ ಇದನ್ನೆಲ್ಲಾ ನಾವು ಎಲ್ಲಿ ಕೈಯಾರೆ ಮಾಡಿ ನೋಡಬಹುದು?

ಗುಮ್ಮಟ_ಡಿಬಿ2 (ವಿಜಯಪುರ)

ಒಳ್ಳೆ ಪ್ರಶ್ನೆ ತಮ್ಮಾ. 3390 ಬಂದದ್ದು 1989ರಲ್ಲಿ. ಆ ಯಂತ್ರ ಈಗ ಇಲ್ಲ, ಒಳಗೆ ಇರೋದು ಫ್ಲ್ಯಾಶ್ ಅಥವಾ ಸಾಮಾನ್ಯ ಡಿಸ್ಕ್‌ಗಳು. ಆದರೆ ಸ್ಟೋರೇಜ್ ಪೆಟ್ಟಿಗೆ ಆಪರೇಟಿಂಗ್ ಸಿಸ್ಟಂಗೆ 3390 ತರಹವೇ ಕಾಣಿಸಿಕೊಳ್ಳುತ್ತದೆ. ಜೆಸಿಎಲ್, ವಿಟಾಕ್, ಪ್ರೋಗ್ರಾಂ ಎಲ್ಲಾ ಆ ಅಳತೆಯ ಮೇಲೇ ನಿಂತಿವೆ. ಬದಲಾದದ್ದು ವಾಲ್ಯೂಮ್‌ನ ಗಾತ್ರ. ಮಾಡೆಲ್ 3ರಲ್ಲಿ 3,339 ಸಿಲಿಂಡರ್, ಮಾಡೆಲ್ 9ರಲ್ಲಿ 10,017, ಮಾಡೆಲ್ 54ರಲ್ಲಿ 65,520. ಇಎವಿ ಬಂದ ಮೇಲೆ 1 ಟಿಬಿವರೆಗೂ ಹೋಗಿದೆ.

ಕಲಿಯೋಕೆ ಐಬಿಎಂ ಜೆಡ್ ಎಕ್ಸ್‌ಪ್ಲೋರ್ ಉಚಿತ, ನಿಜವಾದ ಜೆಡ್‌ಓಎಸ್ ಮೇಲೆ ಐಡಿ ಸಿಗುತ್ತದೆ. ನಿಮ್ಮದೇ ಫೈಲ್ ಮೇಲೆ ಲಿಸ್ಟ್‌ಕ್ಯಾಟ್, ಲಿಸ್ಟ್‌ಡಿಎಸ್‌ಐ ಹಾಕಿ ನೋಡಿ. ಮನೆಯ ಕಂಪ್ಯೂಟರ್‌ನಲ್ಲಿ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿ ಜೆಡ್‌ಓಎಸ್‌ನ ಹಳೆಯ ರೂಪ ಎಂವಿಎಸ್ 3.8ಜೆ ಓಡಿಸಬಹುದು. ವಿಟಾಕ್ ಅರ್ಥ ಮಾಡಿಕೊಳ್ಳೋಕೆ ಅದು ಸಾಕು. ಆದರೆ ಅದರಲ್ಲಿ ಐಸಿಎಫ್ ಕ್ಯಾಟಲಾಗ್, ಎಸ್‌ಎಮ್‌ಎಸ್ ಇಲ್ಲ, ಹಳೆಯ ವಿಸ್ಯಾಮ್ ಕ್ಯಾಟಲಾಗ್ ಮಾತ್ರ.

ಉದ್ಯಮಬಾಗ್_ಬ್ಯಾಚ್ (ಬೆಳಗಾವಿ)

ಎಲ್ಲರೂ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಖುಷಿಯಾಯಿತು. ಸ್ಟೋರೇಜ್ ಟೀಮ್ ಜೊತೆ ಮಾತಾಡಿದೆ. ಡಿಕಲೆಕ್ಟ್ ಅವರು ಈಗಾಗಲೇ ದಿನಾ ಓಡಿಸುತ್ತಿದ್ದಾರೆ, ಓದೋಕೆ ನಮಗೆ ಅನುಮತಿ ಕೊಡುತ್ತಾರಂತೆ. ನಾವು ಸಿಎಸ್‌ಐ ಪಟ್ಟಿ ತೆಗೆದು ಅದರ ಜೊತೆ ಹೊಂದಿಸುತ್ತೇವೆ. ಹೊಂದದ ಸಾಲುಗಳಿಗೆ ಬೇರೆ ವರದಿ. ಮೈಗ್ರೇಟ್ ಆದದ್ದಕ್ಕೆ ಬೇರೆ ದರ ಬೇಕು ಅಂತಲೂ ಕೇಳಿದ್ದೇನೆ.

ಕೊನೆಯದಾಗಿ ಎರಡು ಪ್ರಶ್ನೆ. ಎಂಎಲ್1 ವಾಲ್ಯೂಮ್‌ಗಳನ್ನೂ ಡಿಕಲೆಕ್ಟ್‌ನಲ್ಲಿ ಸೇರಿಸಿದರೆ ಎರಡು ಸಲ ಎಣಿಸಿದಂತೆ ಆಗುವುದಿಲ್ವಾ? ಮತ್ತೆ ಈ ಎರಡೂ ಜಾಬ್ ಯಾವ ಹೊತ್ತಿಗೆ ಓಡಿಸಬೇಕು?

ನವನಗರ_ಸ್ಟೋರೇಜ್ (ಬಾಗಲಕೋಟೆ)

ಆಗುತ್ತದೆ. ಎಂಎಲ್1 ಮೇಲೆ ಫೈಲ್‌ಗಳು ಎಚ್‌ಎಸ್‌ಎಮ್ ಇಟ್ಟ ಹೆಸರಿನಲ್ಲಿ ಇರುತ್ತವೆ, ನಿಮ್ಮ ಅಪ್ಲಿಕೇಶನ್ ಹೆಸರಿನಲ್ಲಿ ಅಲ್ಲ. ಚಿಕ್ಕ ಫೈಲ್‌ಗಳನ್ನು ಎಸ್‌ಡಿಎಸ್‌ಪಿ ಅನ್ನೋ ಒಂದೇ ವಿಸ್ಯಾಮ್ ಫೈಲ್ ಒಳಗೂ ತುಂಬಿಟ್ಟಿರಬಹುದು. ಹಾಗಾಗಿ ಎಂಎಲ್1ರ ಡಿ ದಾಖಲೆಗಳನ್ನು ಅಪ್ಲಿಕೇಶನ್ ಮೊತ್ತಕ್ಕೆ ಸೇರಿಸಬೇಡಿ. ಅಲ್ಲಿಯ ಪಾಲು ಎಂ ದಾಖಲೆಯಿಂದ ಬರಲಿ, ಅದರಲ್ಲಿ ಮೂಲ ಹೆಸರು ಇರುತ್ತದೆ. ಎಂಎಲ್1 ಒಟ್ಟು ಎಷ್ಟು ತುಂಬಿದೆ ಅನ್ನೋದಕ್ಕೆ ವಿ ದಾಖಲೆ ಸಾಕು.

ಹೊತ್ತು ಅಂದರೆ, ಎಚ್‌ಎಸ್‌ಎಮ್‌ನ ಪ್ರೈಮರಿ ಸ್ಪೇಸ್ ಮ್ಯಾನೇಜ್‌ಮೆಂಟ್ ಮುಗಿದ ಮೇಲೆ, ದೊಡ್ಡ ಬ್ಯಾಚ್ ಶುರುವಾಗೋ ಮುಂಚೆ ಅಥವಾ ಪೂರ್ತಿ ಮುಗಿದ ಮೇಲೆ. ಸಿಎಸ್‌ಐ ಮತ್ತು ಡಿಕಲೆಕ್ಟ್ ಒಂದರ ಹಿಂದೆ ಒಂದು ಓಡಬೇಕು. ನಡುವೆ ಗಂಟೆಗಟ್ಟಲೆ ಅಂತರ ಬಿಟ್ಟರೆ, ಆ ಹೊತ್ತಿನಲ್ಲಿ ಹುಟ್ಟಿದ, ಅಳಿದ, ಮೈಗ್ರೇಟ್ ಆದ ಫೈಲ್‌ಗಳೆಲ್ಲಾ ಹೊಂದದ ಪಟ್ಟಿಗೆ ಬಂದು ಬೀಳುತ್ತವೆ. ಆದರೂ ಒಂದಿಷ್ಟು ಉಳಿದೇ ಉಳಿಯುತ್ತವೆ. ಸತತ ಕೆಲವು ದಿನ ಹೊಂದದೆ ಉಳಿದ ಹೆಸರುಗಳನ್ನು ಮಾತ್ರ ವರದಿಗೆ ತಗೊಳ್ಳಿ. ತಿಂಗಳಿಗೊಮ್ಮೆ ಬಿಲ್ ಮಾಡಿದರೂ ದಿನದ ಮೊತ್ತ ಇಟ್ಟುಕೊಳ್ಳಿ. ತಿಂಗಳ ಕೊನೆಯ ಒಂದೇ ದಿನದ ಅಂಕಿ ಹಿಡಿದರೆ ಶಹಾಪುರದವರು ಹೇಳಿದ ಫೈಲ್ ಅದೇ ದಿನ ದೊಡ್ಡದಾಗಿರುತ್ತದೆ, ಇಡೀ ತಿಂಗಳ ಬಿಲ್ ಅದರ ಮೇಲೆ ಹೋಗುತ್ತದೆ. ದಿನದ ಸರಾಸರಿ ತಗೊಳ್ಳಿ.